ದಾಸಮ್ಮನ ನಾಲ್ಕು ನಿಮಿಷ

ದೊಡ್ಡೇರಿಯ ದಾಸಮ್ಮನಿಗೆ ನಾನು ಮಾಡಿದ ಅನ್ಯಾಯವನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಗೆ ಬಿದ್ದರೆ ಉಪ್ಪು ಖಾರ ಹಚ್ಚುತ್ತಾರೆ. ದಾಸಮ್ಮನ ಬಾಯಿಗೇ ಬಿದ್ದರಂತೂ ನನ್ನ ಕಥೆ ಮುಗಿಯಿತು.

ದಾಸಮ್ಮ ಹತ್ತೊಂಬತ್ತು ವರ್ಷದಿಂದ ಅಲ್ಲಿನ ಹಾಲಿನ ಕೇಂದ್ರ ನಡೆಸುವವರು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತರೆಂದರೆ ಮೂವತ್ತು ಮನೆಯ ಹಾಲು ಅವರ ಕಣ್ಣು ತಪ್ಪಿಸಿ ಒಳಗೆ ಹೋಗುವಂತಿಲ್ಲ. ಯಾರ ಹಸು ಕರು ಹಾಕಿತು, ಯಾರ ಎಮ್ಮೆ ಒದೆಯಿತು, ಯಾರ ಹಾಲಿಗೆ ಬೋರ್‌ವೆಲ್ಲಿನ ಕೃಪೆಯಾಯಿತು, ಎಲ್ಲ ಗೊತ್ತು. ಫ್ಯಾಟು ಎಷ್ಟೆಂದು ಯಂತ್ರ ತೋರಿಸುವ ಮೊದಲೇ ಇವರು ಹೇಳಿರುತ್ತಾರೆ. ತಪ್ಪಿದ್ದರೆ ಯಂತ್ರವೇ ತಪ್ಪಿರುತ್ತದೆ.

ನಾನು ಅಂಜನ್ ಕುಮಾರ್. ಮಧುಗಿರಿಯಲ್ಲಿ ಗೊಬ್ಬರದಂಗಡಿಯ ಮಹಡಿ ಮೇಲೆ ಕೂತು ಸಾಫ್ಟ್‌ವೇರ್ ಬರೆಯುತ್ತೇನೆ. ಖಾಸಗಿ ಡೇರಿಯೊಂದರ ಹಾಲಿನ ಕೇಂದ್ರಗಳಲ್ಲಿ ಓಡುವ ಆ್ಯಪ್ ನನ್ನದು. ಅದು ಎಲ್ಲಿ ತಡವರಿಸುತ್ತದೆಂದು ತಿಳಿಯಲು ಕೋಡಿನೊಳಗೆ ನಾಲ್ಕು ಸಾಲು ಸೇರಿಸಿದ್ದೆ. ಹಾಲು ಹಾಕುವವರ ಹೆಸರು ತೆರೆದ ಕೂಡಲೇ ಗಡಿಯಾರ ಶುರು, ವಿವರ ಸೇವ್ ಆದ ಕೂಡಲೇ ಬಂದ್. ಎಷ್ಟು ಸೆಕೆಂಡಾಯಿತೆಂಬ ಸುದ್ದಿ ತಾನಾಗಿ ನಿಗಾ ಇಡುವ ಸರ್ವರಿಗೆ ಹೋಗುತ್ತದೆ. ಅಲ್ಲಿ ಕೇಂದ್ರಕ್ಕೊಂದು ಗೆರೆ, ಒಬ್ಬರಿಗೆ ಹಿಡಿಯುವ ಹೊತ್ತು ಹೆಚ್ಚಿದಷ್ಟೂ ಗೆರೆ ಮೇಲಕ್ಕೆ. ಬೇರೆಲ್ಲ ಕೇಂದ್ರಗಳ ಗೆರೆ ಅರ್ಧ ನಿಮಿಷದ ಹತ್ತಿರ ತೆಪ್ಪಗಿತ್ತು. ದೊಡ್ಡೇರಿಯದು ನಾಲ್ಕು ನಿಮಿಷದ ಮೇಲೆ ಹತ್ತಿ ಕೂತಿತ್ತು.

ಡೇರಿಯ ಮ್ಯಾನೇಜರ್ ಶಂಕರಲಿಂಗಪ್ಪನವರಿಗೆ ಆ ಸರ್ವರಿನ ಮೇಲೆ ನನಗಿಂತ ಪ್ರೀತಿ. ಯಾವ ಕೇಂದ್ರದಲ್ಲಾದರೂ ಒಬ್ಬರಿಗೆ ಐದು ನಿಮಿಷ ದಾಟಿದರೆ ತಮ್ಮ ಫೋನಿಗೇ ಮೆಸೇಜು ಬರಬೇಕೆಂದು ಹಟ ಹಿಡಿದು ಹಾಕಿಸಿಕೊಂಡಿದ್ದರು.

"ಆ್ಯಪು ಎಲ್ಲಾ ಕಡೆ ಒಂದೇ. ಅಂದ್ಮೇಲೆ ಆಯಮ್ಮನೇ ಸ್ಲೋ," ಎಂದರು. ಬರುವ ತಿಂಗಳು ಮುಚ್ಚುವ ಕೇಂದ್ರಗಳ ಪಟ್ಟಿಗೆ ದೊಡ್ಡೇರಿಯನ್ನು ಸೇರಿಸಿದರು. ಊರವರು ನಾಲ್ಕು ಕಿಲೋಮೀಟರ್ ಆಚೆಗೆ ಹಾಲು ಹೊರಬೇಕು, ದಾಸಮ್ಮ ಮನೆಗೆ ಹೋಗಬೇಕು. ನಾನು ಎದುರು ಕೂತು ತಲೆಯಾಡಿಸಿದೆ. ನನ್ನ ಕೋಡು ಸರಿಯಿದೆಯೆಂದ ಮೇಲೆ ನನಗೇನು? ಥೂ, ನನ್ನ ಬುದ್ಧಿಗಿಷ್ಟು.

ಮಾರನೆಯ ದಿನವೇ ದಾಸಮ್ಮನ ಫೋನು ಬಂತು.

"ಏನಪ್ಪಾ ಅಂಜನ್, ನಾನು ನಿಧಾನ ಅಂತ ನಿನ್ನ ಮಿಷನ್ನು ಚಾಡಿ ಹೇಳ್ತಂತೆ? ಬಂದು ನೋಡು. ನಿಮ್ಮ ಸಾಹೇಬ್ರನ್ನೂ ಕರ್ಕೊಂಡ್ ಬಾ. ಬರಿಗೈಲಿ ಬರಬ್ಯಾಡಿ, ಒಂದು ಕ್ಯಾನು ತಗಂಡ್ ಬನ್ನಿ." ಅಷ್ಟು ಹೊತ್ತು ನಗುತ್ತಲೇ ಮಾತಾಡಿದವರು ಆಮೇಲೆ ದನಿ ಇಳಿಸಿ, "ಈ ಕೇಂದ್ರ ಹೋದ್ರೆ ನಾನು ಬೆಳಗ್ಗೆ ಎದ್ದು ಏನ್ ಮಾಡ್ಲಪ್ಪಾ?" ಎಂದರು. ಫೋನಿಟ್ಟವನೇ ಮ್ಯಾನೇಜರ ಹತ್ತಿರ ಹೋದೆ.

ಮ್ಯಾನೇಜರು ಒಪ್ಪಿದರು. ಪರೀಕ್ಷೆಗೆಂದು ಕ್ಯಾನಿನಲ್ಲಿ ನಲ್ಲಿ ನೀರು ತುಂಬಿಸಿಕೊಂಡರು. ಆ್ಯಪಿನಲ್ಲಿ ದೊಡ್ಡೇರಿಗೆ ಹಾಲು ಹಾಕುವವರ ಪಟ್ಟಿಗೆ ಮ್ಯಾನೇಜರ ಹೆಸರನ್ನು ನಾನೇ ಸೇರಿಸಿದೆ.

ಆರೂವರೆಗೆ ಹೋಗಿ ನೋಡಿದರೆ ಕೇಂದ್ರದ ಮುಂದೆ ಉದ್ದ ಸಾಲು. ಆದರೆ ಸಾಲಿನಲ್ಲಿ ಒಬ್ಬ ಮನುಷ್ಯನೂ ಇಲ್ಲ, ಬರೀ ಕ್ಯಾನುಗಳು. ಕ್ಯಾನಿನ ಯಜಮಾನರೆಲ್ಲ ಎದುರಿನ ಹೊಂಗೆಮರದಡಿ ಸಣ್ಣಕ್ಕನ ಟೀ ಅಂಗಡಿಯಲ್ಲಿದ್ದರು. ದಾಸಮ್ಮ ಮುಂದಿನ ಕ್ಯಾನು ನೋಡಿ, ಅದು ಯಾರದೆಂದು ಗುರುತಿಸಿ, ಆ್ಯಪಿನಲ್ಲಿ ಹೆಸರು ತೆರೆದು, "ಕ್ಯಾತಪ್ಪಣ್ಣೋ" ಎಂದು ಕೂಗಿದರು. ಕುರಿ ಮೇಯಿಸುವ ಕ್ಯಾತಪ್ಪ, "ಬಂದೆ ಕಣಮ್ಮಾ," ಎಂದ. ಅಂದವನು ಟೀ ಮುಗಿಸಿದ, ಹಿಡಿದಿದ್ದ ಮಾತು ಮುಗಿಸಿದ, ಪಂಚೆ ಕೊಡವಿದ, ಆಮೇಲೆ ಎದ್ದ.

ನನಗೆ ಎಲ್ಲ ಹೊಳೆಯಿತು. ಹಾಳು ಕೋಡು ಇಷ್ಟು ದಿನ ಅಳೆದಿದ್ದು ಕ್ಯಾತಪ್ಪನ ಟೀಯನ್ನು. ಮ್ಯಾನೇಜರಿಗೆ ಹೇಳಲು ಬಾಯಿ ತೆರೆದೆ. ದಾಸಮ್ಮ ಸುಮ್ಮನಿರೆಂದು ಕಣ್ಣಲ್ಲೇ ಗದರಿದರು.

ಶಂಕರಲಿಂಗಪ್ಪನವರು ತಮ್ಮ ಕ್ಯಾನಿನ ಪಕ್ಕ ನೆಟ್ಟಗೆ ನಿಂತಿದ್ದರು.

"ಇಲ್ಲಿ ಕ್ಯಾನು ನಿಂತ್ಕತದೆ ಸ್ವಾಮಿ, ಮನುಷ್ರು ನಿಂತ್ಕಳಲ್ಲ. ಹೋಗಿ ಟೀ ಕುಡೀರಿ," ಎಂದರು ದಾಸಮ್ಮ.

ತನ್ನ ಹಾಲು ಹಾಕಿ ಮುಗಿಸಿದ ಕ್ಯಾತಪ್ಪ ಮ್ಯಾನೇಜರ ಕ್ಯಾನಿನೊಳಗೆ ಇಣುಕಿ, "ನಾವು ಕದ್ದು ಮುಚ್ಚಿ ಬೆರೆಸ್ತಿದ್ವಿ. ಸಾಹೇಬ್ರು ರಾಜಾರೋಷವಾಗಿ ನೀರೇ ತಂದವ್ರೆ," ಎಂದ. ಮರದಡಿ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮ್ಯಾನೇಜರೂ ನಗಲೇಬೇಕಾಯಿತು, ಟೀಗೂ ಹೋಗಲೇಬೇಕಾಯಿತು.

"ಯಾವೂರಾಯ್ತು ತಮ್ದು?" ಕ್ಯಾತಪ್ಪ ಪಕ್ಕದಲ್ಲೇ ಕೂತು ಕೇಳಿದ.

"ಚನ್ನರಾಯನದುರ್ಗದ ಹತ್ರ."

"ಅಲ್ಲೇ ಬೆಟ್ಟದ ಬುಡದಾಗೆ ಕುರಿ ಬುಟ್ಕಂಡು ಮೂರು ವರ್ಷ ಇದ್ದೆ. ಒಂದು ಹುಣಸೇಮರ ಇತ್ತು, ಕಾಯಿ ಕಿತ್ರೆ ಒಬ್ರು ಕಲ್ಲು ತಗಂಡು ಅಟ್ಟಿಸ್ಕಂಡ್ ಬರೋರು."

"ಅವರು ನಮ್ಮಪ್ಪ," ಎಂದರು ಮ್ಯಾನೇಜರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡೇ ಇರಲಿಲ್ಲ. ಎರಡನೇ ಟೀ ಹೇಳಿದರು.

ದಾಸಮ್ಮ ಹೆಸರು ತೆರೆದು ಕೂಗಿದರು. "ಶಂಕರಲಿಂಗಪ್ಪೋರೇ, ನಿಮ್ಮದು ಬಂತು."

"ಬಂದೆ, ಬಂದೆ," ಎಂದು ಅತ್ತ ತಿರುಗದೆಯೇ ಕೈಯೆತ್ತಿದರು. ಆಗಿನ್ನೂ ಕಲ್ಲು ಕ್ಯಾತಪ್ಪನ ಬೆನ್ನಿಗೆ ಬಿದ್ದಿತ್ತಷ್ಟೇ, ಕಥೆ ಬಹಳ ಇತ್ತು. ದಾಸಮ್ಮ ಇನ್ನೊಮ್ಮೆ ಕೂಗಲಿಲ್ಲ. ಕೈ ಕಟ್ಟಿ ಕೂತರು. ಹಿಂದಿನ ಕ್ಯಾನಿನವರೂ ಆತುರ ಮಾಡಲಿಲ್ಲ. ಇಡೀ ಊರೇ ಇದರಲ್ಲಿ ಶಾಮೀಲಾಗಿತ್ತು.

ಮ್ಯಾನೇಜರ ಜೇಬಿನಲ್ಲಿ ಫೋನು ಗುಯ್ಗುಟ್ಟಿತು. ಕನ್ನಡಕ ಹಾಕಿಕೊಂಡು, ಅಭ್ಯಾಸದಂತೆ ಗಟ್ಟಿಯಾಗಿಯೇ ಓದಿದರು. "ದೊಡ್ಡೇರಿ ಕೇಂದ್ರ ನಿಧಾನ. ಐದು ನಿಮಿಷ ದಾಟಿದೆ. ಹೆಸರು, ಶಂಕರಲಿಂಗಪ್ಪ."

ಯಾರೂ ನಗಲಿಲ್ಲ. ಎಲ್ಲರೂ ಮುಖವನ್ನು ಟೀ ಲೋಟದೊಳಗೆ ಇಟ್ಟುಕೊಂಡಿದ್ದರು. ಮ್ಯಾನೇಜರು ಜೇಬಿನಿಂದ ಮುಚ್ಚುವ ಕೇಂದ್ರಗಳ ಪಟ್ಟಿ ತೆಗೆದು ದೊಡ್ಡೇರಿಯ ಹೆಸರನ್ನು ಹೊಡೆದು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಗಡಿಯಾರ ಎಲ್ಲಿಂದ ಶುರು ಮಾಡಿದ್ದೀಯಪ್ಪ?"

"ಹೆಸರು ತೆರೆದಾಗಿಂದ ಸಾರ್. ಕ್ಯಾನು ತೂಕಕ್ಕೆ ಇಟ್ಟಾಗಿಂದ ಮಾಡಬೇಕಿತ್ತು."

ಅಲ್ಲೇ ಕೇಂದ್ರದ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತು ಕೋಡಿನ ಎರಡು ಸಾಲು ಬದಲಾಯಿಸಿದೆ. ಮುಂದಿನ ಕ್ಯಾನಿಗೆ ದಾಸಮ್ಮ ತೆಗೆದುಕೊಂಡಿದ್ದು ಇಪ್ಪತ್ತೆರಡು ಸೆಕೆಂಡು. ನಲವತ್ತು ಕೇಂದ್ರಗಳಲ್ಲಿ ಅಷ್ಟು ಚುರುಕು ಇನ್ನೊಬ್ಬರಿಲ್ಲ. ಫೋನು ತೋರಿಸಿದೆ. ಅವರು ಅದನ್ನು ನೋಡಲೂ ಇಲ್ಲ.

"ತಪ್ಪಾಯ್ತಮ್ಮ," ಎಂದೆ.

"ಹಾಲು ಅಳೆಯಪ್ಪಾ ಅಂದ್ರೆ ನನ್ನೇ ಅಳದ್ಬುಟ್ಟೆ. ಅಳೆದ್ರೆ ಅಳೆದೆ ಬುಡು. ಹತ್ತೊಂಬತ್ತು ವರ್ಷದಿಂದ ಇಲ್ಲೇ ಕೂತಿವ್ನಿ. ಯಾಕಮ್ಮಾ ತಡ ಅಂತ ಒಂದು ಸಲ ಬಂದು ಕೇಳಕ್ಕೆ ನಿಂಗೆ ಆಗ್ಲಿಲ್ವಾ?"

ಮಧುಗಿರಿಯಿಂದ ದೊಡ್ಡೇರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.