ರೈಲಿಗೆ ಬೋರ್ಡು ಬರೆಸಿದ ಓಬಕ್ಕ

ಓಬಕ್ಕನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. "ಟೀಚ್ರಮ್ಮಾ, ಉಪ್ಪು ಐತಾ?" ಅಂತ ಗೋಡೆಯಾಚೆಯಿಂದ ಕೇಳಿದಳೆಂದರೆ ನಮ್ಮ ಮನೆಯಲ್ಲಿ ಉಪ್ಪಿದೆಯೋ ಇಲ್ಲವೋ ಅನ್ನುವುದು ಇಡೀ ಬೀದಿಯ ಚರ್ಚೆಯಾಗುತ್ತಿತ್ತು. ಗುಟ್ಟು ಹೇಳುವಾಗಲೂ ಅಷ್ಟೇ. ಆಕಡೆ ಈಕಡೆ ನೋಡಿ, ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡು, ಆಮೇಲೆ ಕೂಗುತ್ತಿದ್ದಳು. ನಾನು ಮೊಳಕಾಲ್ಮೂರಿನವಳು. ಚಳ್ಳಕೆರೆಯ ಹೈಸ್ಕೂಲಿಗೆ ಹಿಂದಿ ಟೀಚರಾಗಿ ಬಂದು, ಊರ ಅಂಚಿನಲ್ಲಿ ಅವಳ ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದಾಗ, ಇದೆಂಥ ಗ್ರಹಚಾರವಪ್ಪಾ ಅಂದುಕೊಂಡಿದ್ದೆ. ಬೋರಕ್ಕನನ್ನು ನೋಡಿದ ಮೇಲೆ ಆ ಗಂಟಲು ಎಲ್ಲಿಂದ ಬಂತು ಅನ್ನುವುದು ತಿಳಿಯಿತು.

ಬೋರಕ್ಕ ಓಬಕ್ಕನ ಅಕ್ಕ. ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತು. ಎದುರಿಗೆ ನಿಂತು ಅರಚಿದರೆ ತುಸು ತಿಳಿಯುತ್ತಿತ್ತು, ಮಿಕ್ಕಿದ್ದೆಲ್ಲ ಕೈಸನ್ನೆ. ಅವ್ವ ಬೇಗ ತೀರಿಹೋದದ್ದರಿಂದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. "ನಾನು ಮಾತು ಕಲ್ತಿದ್ದೇ ಕೂಗೋಕೆ ಕಣ್ರೀ" ಅನ್ನುತ್ತಿದ್ದಳು ಓಬಕ್ಕ. ಬೋರಕ್ಕ ಕುರಿ ಕಾಯುತ್ತಿದ್ದಳು. ಬೆಳಿಗ್ಗೆ ಹಿಂಡು ಹೊಡೆದುಕೊಂಡು ರೈಲು ಹಳಿ ದಾಟಿ ಆಚೆ ಬೀಳು ಹೊಲಗಳಿಗೆ ಹೋದರೆ, ಹೊತ್ತು ಇಳಿದ ಮೇಲೆ ಮತ್ತೆ ಹಳಿ ದಾಟಿ ಮನೆಗೆ ಬರುವುದು.

ಭಯವೆಲ್ಲ ಆ ಹಳಿಯದೇ. ಸ್ಟೇಷನ್ ಬಿಟ್ಟು ಮೊಳಕಾಲ್ಮೂರಿನ ಕಡೆ ಹೊರಟ ರೈಲು ನಮ್ಮ ಬೀದಿಯ ಹಿಂದೆ ಬರುವಷ್ಟರಲ್ಲಿ ಚೆನ್ನಾಗಿ ವೇಗ ಹಿಡಿದಿರುತ್ತಿತ್ತು. ಮೊದಲಿನ ಡೀಸೆಲ್ ರೈಲಾದರೆ ನೆಲ ಅದುರಿಸಿಕೊಂಡು ಬರುತ್ತಿತ್ತು, ಬೋರಕ್ಕನ ಅಂಗಾಲಿಗೆ ಗೊತ್ತಾಗುತ್ತಿತ್ತಂತೆ. ಕರೆಂಟಿನ ರೈಲು ಬಂದ ಮೇಲೆ ಅದೂ ಇಲ್ಲ, ಸುಯ್ಯೆಂದು ಬಂದೇಬಿಡುತ್ತಿತ್ತು. ಸಾಲದ್ದಕ್ಕೆ ಕುರಿಯವರ ಕ್ರಮ ಒಂದಿದೆ: ಹಿಂಡಿನ ಕೊನೆಯ ಮರಿ ದಾಟುವ ತನಕ ಕಾಯುವವರು ದಾಟುವಂತಿಲ್ಲ. ಯಾವುದೋ ಕುಂಟುಮರಿ ಹಳಿಯ ನಡುವೆ ನಿಂತು ಹುಲ್ಲು ಮೂಸುತ್ತಿದ್ದರೆ ಬೋರಕ್ಕನೂ ಅದರ ಹಿಂದೆಯೇ ನಿಂತಿರುತ್ತಿದ್ದಳು. ಆದ್ದರಿಂದ ಸಂಜೆಯಾಯಿತೆಂದರೆ ಓಬಕ್ಕ ಒಲೆಯ ಮೇಲಿನ ಮುದ್ದೆಯನ್ನೂ ಬಿಟ್ಟು ಓಡುತ್ತಿದ್ದಳು. ಹಳಿಯ ಈಚೆ ದಿಬ್ಬದ ಮೇಲೆ ನಿಂತು ಎರಡೂ ದಿಕ್ಕು ನೋಡಿ, ಸೆರಗು ಬೀಸಿ ಅಕ್ಕನನ್ನು ದಾಟಿಸಿಕೊಳ್ಳುತ್ತಿದ್ದಳು. "ಒಂದಿನ ನಾನು ಬರೋದು ತಡವಾದ್ರೆ ಅಕ್ಕನ ಗತಿ ಏನ್ರೀ?" ಅನ್ನುವುದೊಂದೇ ಅವಳ ಜೀವ ತಿನ್ನುವ ಚಿಂತೆ.

ಕುರಿ ಮಾರಿಬಿಡು ಅಂದರೆ ಬೋರಕ್ಕ ಕೇಳುವವಳಲ್ಲ. ತಂಗಿಯ ಗಾಬರಿ ನೋಡಿ ನಗುತ್ತಿದ್ದಳು. "ರೈಲು ಅಂದ್ರೆ ಓಡೋದೇ ಅಲ್ಲೇನೇ? ಅದರ ಪಾಡಿಗೆ ಅದು ಹೋಗ್ಲಿ ಬಿಡು" ಅನ್ನುವಳು.

ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದಾಗ ಬೀದಿಯವರೆಲ್ಲ ಸೇರಿ ಓಬಕ್ಕನನ್ನೇ ನಿಲ್ಲಿಸಿದರು. ಗೆದ್ದಳು. ಮೊದಲನೇ ಸಭೆಯಲ್ಲೇ ಎದ್ದು ನಿಂತು, ಊರೊಳಗೆ ರೈಲು ನಿಧಾನ ಹೋಗಬೇಕೆಂದು ಠರಾವು ಮಾಡಿ ಅಂದಳಂತೆ. ಮೈಕು ಹಾಗೇ ಬಿದ್ದಿತ್ತಂತೆ, ಅದರ ಅಗತ್ಯವೇನಿತ್ತು? ಹಿರಿಯ ಸದಸ್ಯರೊಬ್ಬರು, "ನಲ್ಲಿ, ಚರಂಡಿ, ಬೀದಿದೀಪ ನಮ್ದು ಕಣವ್ವ. ರೈಲು ದಿಲ್ಲಿದು" ಅಂದರೆ, ಇವಳು "ದಿಲ್ಲಿದಾದ್ರೆ ದಿಲ್ಲಿಯಾಗೇ ಓಡ್ಲಿ. ನಮ್ಮೂರಾಗೆ ಯಾಕೆ ಓಡ್ತೈತೆ?" ಅಂದಳಂತೆ. ನಗುತ್ತ ನಗುತ್ತಲೇ ಠರಾವಾಯಿತು. ರೈಲಿನ ವೇಗ ಊರಿನ ಸಭೆಗಳ ಅಧಿಕಾರಕ್ಕೆ ಬರುವುದಿಲ್ಲ ಎಂಬ ಉತ್ತರವೂ ರೈಲ್ವೆಯಿಂದ ಬಂತು.

ಓಬಕ್ಕ ಸುಮ್ಮನಾಗುವ ಪೈಕಿಯೇ? ಪೇಂಟರನ್ನು ಕರೆಸಿ ಹಳದಿ ತಗಡಿನ ಮೇಲೆ "ನಿಧಾನವಾಗಿ ಚಲಿಸಿ" ಅಂತ ದಪ್ಪಕ್ಷರದಲ್ಲಿ ಬರೆಸಿದಳು. ನಮ್ಮ ಕಡೆ ಸದಸ್ಯರಾದವರು ಕಲ್ಲುಬೆಂಚಿನ ಮೇಲೂ ಹೆಸರು ಹಾಕಿಸಿಕೊಳ್ಳುತ್ತಾರಲ್ಲ, ಹಾಗೇ ಕೆಳಗೆ ತನ್ನ ಹೆಸರನ್ನೂ ಹಾಕಿಸಿ, ಶಾಲೆಯ ಮುಂದಿನ ರಸ್ತೆಯಲ್ಲಿ ನಿಲ್ಲಿಸುವ ಹಾಗೆ ಹಳಿಯ ಪಕ್ಕದಲ್ಲಿ ನೆಡಿಸಿಬಿಟ್ಟಳು. ರೈಲಿನ ಡ್ರೈವರ್ ಅದನ್ನು ಓದಿ ಬ್ರೇಕು ಹಾಕುತ್ತಾನೆಂದು ಬೀದಿಗೆ ಬೀದಿಯೇ ನಂಬಿ ದಿಬ್ಬ ಹತ್ತಿ ನಿಂತಿತ್ತು. ನಾನೂ ನಿಂತಿದ್ದೆ, ಸುಳ್ಳೇಕೆ ಹೇಳಲಿ. ರೈಲು ಬಂತು, ಹೋಯಿತು. ಬೋರ್ಡು ಮಾತ್ರ ಗಾಳಿಗೆ ಗಡಗಡ ನಡುಗಿತು.

ಕೆಲವು ದಿನಗಳ ನಂತರ ರೈಲ್ವೆಯ ಅಧಿಕಾರಿಯೊಬ್ಬರು ಬಂದರು. ಉತ್ತರದ ಕಡೆಯವರು, ಕನ್ನಡ ಬಾರದು. ಬೀದಿಯವರು ನನ್ನನ್ನು ಎಳೆದುಕೊಂಡು ಹೋಗಿ ನಡುವೆ ನಿಲ್ಲಿಸಿದರು. ಇದನ್ನು ಹಾಕಿದವರು ಯಾರು ಅಂತ ಅವರು ಹಿಂದಿಯಲ್ಲಿ ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಓಬಕ್ಕ ಬೋರ್ಡಿನ ಮೇಲಿನ ತನ್ನ ಹೆಸರಿಗೆ ಬೆರಳಿಟ್ಟು ತೋರಿಸಿದಳು. ಅವರಿಗೆ ನಗು ಬಂತು, ಆದರೆ ಬೈಯಲಿಲ್ಲ. ಹಳಿಯ ಪಕ್ಕ ಯಾರೆಂದರೆ ಅವರು ಬೋರ್ಡು ನೆಡುವುದು ಅಪಾಯ, ತೆಗೆಸಲೇಬೇಕು ಅಂದರು. ಪ್ರತಿ ಊರೂ ತನ್ನ ಲೆಕ್ಕದಲ್ಲಿ ವೇಗ ಗೊತ್ತುಮಾಡಿದರೆ ರೈಲು ಮುಟ್ಟುವುದು ಯಾವಾಗ, ಎಷ್ಟು ಊರುಗಳಿವೆ ಗೊತ್ತೇ ಅಂದರು. ನಾನು ಕನ್ನಡದಲ್ಲಿ ಹೇಳಿದೆ.

"ಊರು ಎಷ್ಟಾರ ಇರ್ಲಿ ಅನ್ರಿ ಟೀಚ್ರಮ್ಮ. ನಂಗಿರೋದು ಒಬ್ಳೇ ಅಕ್ಕ."

ಅದನ್ನು ಹಿಂದಿಗೆ ತಿರುಗಿಸಿ, ಆ ಅಕ್ಕ ದಿನಾ ಕುರಿ ಹೊಡೆದುಕೊಂಡು ಇಲ್ಲೇ ಹಳಿ ದಾಟುತ್ತಾಳೆ ಅಂತಲೂ ಸೇರಿಸಿದೆ. ಅವರು ಹಳಿಯ ಕಡೆ ತಿರುಗಿ ನೋಡಿದರು. ವೇಗ ಇಳಿಸುವುದು ನನ್ನ ಕೈಯಲ್ಲಿಲ್ಲ, ಇಲ್ಲಿ ಸೀಟಿ ಹೊಡೆಯುವ ಹಾಗೆ ಮಾಡಿಸುತ್ತೇನೆ ಅಂದರು. ಓಬಕ್ಕ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನಿಮ್ಮ! ಕಿವಿ ಕೇಳ್ಸಾಕಿಲ್ಲ ಅಂತಲೇ ಅಲ್ಲೇನ್ರೀ ಇಷ್ಟೆಲ್ಲ ಬಡ್ಕಂಡಿದ್ದು?" ಆದರೂ ಅವರು ಕೊಟ್ಟ ಮಾತು ಉಳಿಸಿಕೊಂಡರು. ಅಂದಿನಿಂದ ರೈಲು ಸೀಟಿ ಹಾಕಿಕೊಂಡೇ ಬರತೊಡಗಿತು. ತೊಟ್ಟಿಲ ಕೂಸುಗಳು ಬೆಚ್ಚಿದವು, ನಾಯಿಗಳು ಊಳಿಟ್ಟವು, ಕುರಿಗಳು ಚೆದುರಿದವು. ಬೋರಕ್ಕನೊಬ್ಬಳೇ ನೆಮ್ಮದಿಯಾಗಿದ್ದಳು. ಓಬಕ್ಕ ಎಂದಿನಂತೆ ದಿಬ್ಬ ಹತ್ತಿದಳು.

ಆಮೇಲಿನ ವರ್ಷಗಳಲ್ಲಿ ಓಬಕ್ಕನ ಕಾಲು ಊದಿಕೊಂಡದ್ದು, ಮುಖ ಬಾತದ್ದು, ಎಲ್ಲ ನಮ್ಮ ಕಣ್ಣೆದುರೇ ಆಯಿತು. ಕಿಡ್ನಿ ಅಂದರು, ಬಳ್ಳಾರಿಗೆ ಹೋಗಿ ಅಂದರು. ದಿಬ್ಬದ ಕೆಲಸವನ್ನು ಸೊಸೆಗೆ ಹತ್ತಾರು ಸಲ ಹೇಳಿ ಒಪ್ಪಿಸಿದಳು. ಹೊರಟದ್ದು ಶನಿವಾರ ಸಂಜೆಯ ರೈಲಿಗೆ, ಮಗನ ಜೊತೆ. ನಾನು ಊರಿಗೆ ಹೋಗುವ ದಿನ ಅದು, ಜೊತೆಗೇ ಹತ್ತಿದೆ. ಅಷ್ಟು ವರ್ಷ ರೈಲಿನ ಜೊತೆ ಜಗಳ ಕಾದವಳು ರೈಲು ಹತ್ತಿದ್ದು ಅದೇ ಮೊದಲು. ಕಿಟಕಿಯ ಪಕ್ಕ ಕೂತು ಸರಳು ಹಿಡಿದುಕೊಂಡಳು.

"ಅಕ್ಕನ ಟೈಮು ಇದೇ. ನೋಡ್ತಿರ್ರಿ ಟೀಚ್ರಮ್ಮ, ನಂಗೆ ಕಣ್ಣು ಮಂಜು ಮಂಜು."

ಸೀಟಿ ಕೂಗಿತು. ಎದುರು ಕಿಟಕಿಯಲ್ಲಿ ನಮ್ಮ ಬೀದಿಯ ಮನೆಗಳು ಒಂದರ ಮೇಲೊಂದು ಬಿದ್ದ ಹಾಗೆ ಸರಿದವು. ಓಬಕ್ಕನ ಕಿಟಕಿಯಾಚೆ ಬೆಳ್ಳಗೆ ಏನೋ ಮಿಂಚಿ ಹಿಂದೆ ಹೋಯಿತು, ಕುರಿಗಳಿರಬೇಕು.

"ಕಂಡ್ಲಾ? ನಿಂತಿದ್ಲಾ?"

"ಕಾಣಲಿಲ್ಲ ಓಬಕ್ಕ. ಕಣ್ಣಿಗೆ ಸಿಕ್ಕಲೇ ಇಲ್ಲ" ಅಂದೆ.

ಮಗ ಕೂಡಲೇ ಹೆಂಡತಿಗೆ ಫೋನು ಮಾಡಿದ. ದೊಡ್ಡಮ್ಮ ಹುಷಾರಾಗಿದ್ದಾಳೆ, ಈಗ ದಾಟಿಸಿಕೊಂಡೆ ಅಂದಳು. ಓಬಕ್ಕ ಉಸಿರು ಬಿಟ್ಟು, ಚೀಲದಿಂದ ಮಂಡಕ್ಕಿ ತೆಗೆದು ನನಗೂ ಕೊಟ್ಟಳು. ದಾರಿಯುದ್ದಕ್ಕೂ ಅಕ್ಕಪಕ್ಕದ ಸೀಟಿನವರನ್ನೆಲ್ಲ ಮಾತಾಡಿಸಿದಳು. ಮೊಳಕಾಲ್ಮೂರು ಸ್ಟೇಷನ್ನಿನಲ್ಲಿ ನಾನಿಳಿದಾಗ "ಸೋಮವಾರ ಹೋದ ತಕ್ಷಣ ಅಕ್ಕನ್ನ ಮಾತಾಡ್ಸ್ರಿ" ಅಂದಳು. ಅದೇ ಕೊನೆ. ಬಳ್ಳಾರಿಯಿಂದ ಅವಳು ಜೀವಂತ ತಿರುಗಿ ಬರಲಿಲ್ಲ.

ಮಣ್ಣಾದ ಮೇಲೆ ಒಂದು ಸಂಜೆ ಬೋರಕ್ಕನ ಜೊತೆ ಅವಳ ಹಟ್ಟಿಯ ಮುಂದೆ ಕೂತಿದ್ದೆ. ನೀನು ಕಾಣುತ್ತೀಯೇನೋ ಅಂತ ಓಬಕ್ಕ ಕಿಟಕಿಯಲ್ಲೇ ಕೂತಿದ್ದಳು ಅಂತ ಕೈಸನ್ನೆಯಲ್ಲಿ, ಅರಚಿ, ಹೇಗೋ ತಿಳಿಸಿದೆ. ಬೋರಕ್ಕ ತಲೆಯಾಡಿಸಿದಳು. ರೈಲು ಹೋಗ್ಲಿ ಬಿಡು ಅಂತ ಸದಾ ನಗುತ್ತಿದ್ದವಳ ಮುಖದಲ್ಲಿ ಈಗ ನಗುವಿರಲಿಲ್ಲ.

"ಗೊತ್ತಿತ್ತು. ಅದಕ್ಕೇ ಅವತ್ತು ಕುರಿನೆಲ್ಲ ಮುಂಚೇನೇ ತಂದು ಹಳಿ ತಾವ ನಿಲ್ಲಿಸ್ಕಂಡಿದ್ದೆ. ಒಂದೊಂದೇ ಡಬ್ಬಿ ನೋಡಾನಾ ಅಂತ ನಿಂತೆ. ಎಲ್ಲಿ ನೋಡೋದು? ಒಂಚೂರು ನಿಧಾನ ಹೋಗಿದ್ರೆ ನಮ್ಮ ಓಬಿ ಮುಖ ಕಾಣ್ತಿತ್ತು ಟೀಚ್ರಮ್ಮ."