ದೊಡ್ಡಸಿದ್ದಯ್ಯನ ಪಾರ್ಕಿಂಗ್ ಚೀಟಿ

ರಸ್ತೆಬದಿ ಗಾಡಿ ನಿಲ್ಲಿಸಲು ನಗರಸಭೆಯೇ ದುಡ್ಡು ಕೇಳಬಹುದೆಂದು ಕಾನೂನು ಬಂದದ್ದೇ ಬಂದದ್ದು, ನಂಜನಗೂಡಿನ ಪೇಟೆಬೀದಿಯಲ್ಲಿ ಚೀಟಿ ಹರಿದುಕೊಡುವ ದೊಡ್ಡಸಿದ್ದಯ್ಯನ ವಿಷಲ್‌ಗೆ ಬಿಡುವೇ ಇಲ್ಲ. ಬೀಗರ ಕಾರು ಬಂದರೂ, “ಬೀಗತನ ಮನೇಲಿ ಮಡಿಕಳ್ಳಿ, ಇಲ್ಲಿ ಚೀಟಿ ತಕ್ಕಳ್ಳಿ” ಅನ್ನುತ್ತಾನೆ. ಬಸವ ಬಂದು ಪಾರ್ಕಿಂಗಿನ ಬಿಳಿ ಗೆರೆಯೊಳಗೆ ನಿಂತರೆ ಅದರ ಕೊಂಬಿಗೂ ಒಂದು ಸಿಕ್ಕಿಸಿಯಾನು. ಹುಲ್ಲಹಳ್ಳಿಯ ಮರಿತಾಯಮ್ಮ ಸೊಪ್ಪು ಮಾರುವ ಹಳೆಯ ಜಾಗವೂ ಗೆರೆಯೊಳಗೆ ಸೇರಿಹೋಯಿತು. ಅಂದಿನಿಂದ ದಿನಾ ಮೊದಲ ಚೀಟಿ ಅವಳ ಬಿದಿರಿನ ಮಂಕರಿಗೇ. “ಥೂ, ಸೊಪ್ಪಿನ ಮಂಕರಿಗೂ ಚೀಟಿಯೇನ್ಲಾ, ಕಟುಕ!” ಎಂದು ಬೀದಿಯೇ ಬಯ್ದಿತು. ಅವನು ಮುಂದಿನ ಗಾಡಿಗೆ ವಿಷಲ್ ಊದಿದ. ಮೊನ್ನೆ ಜೀಪಿನಲ್ಲಿ ಬಂದ ನಗರಸಭೆ ಸಾಹೇಬರು, “ಇದು ಗಾಡಿ ಜಾಗ, ಏಳಮ್ಮ” ಎಂದು ಗದರಿದಾಗ, ದೊಡ್ಡಸಿದ್ದಯ್ಯ ಮಂಕರಿಯ ಚೀಟಿ ಎತ್ತಿ ತೋರಿಸಿದ: “ಸಂಜೆಗಂಟ ಎಬ್ಬಿಸಂಗಿಲ್ಲ ಸಾ, ಕಾಸು ನಾನೇ ಕಟ್ಟಿವ್ನಿ. ನಿಮ್ ಜೀಪಿಗೆ ಚೀಟಿ ಆಯ್ತಾ?”