ತೆರೆದು ನೋಡದ ಮೂರು ಸಾಲು

ನಾನು ನಿಂತಿದ್ದದ್ದು ಅಮೆರಿಕದ ಮೌಂಟನ್ ವ್ಯೂವಿನ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ, ಕಟ್ಟೆಯ ಎಡತುದಿಗೆ. ಏಪ್ರಿಲ್ ತಿಂಗಳ ಒಂದು ಗುರುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಬೆನ್ನುನೋವಿನಿಂದಾಗಿ ಆಗ ಕುಳಿತು ಕೆಲಸ ಮಾಡಲಾಗುತ್ತಿರಲಿಲ್ಲ. ಅಕ್ಕಿ ಡಬ್ಬಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತೇ ಮಾತಾಡುತ್ತಿದ್ದೆ. ಇಷ್ಟು ಖಚಿತವಾಗಿ ಬರೆಯಲು ಕಾರಣವಿದೆ. ಆ ದಿನ ನನಗೆ ಏನು ಕಾಣುತ್ತಿತ್ತು, ಏನು ಕಾಣುತ್ತಿರಲಿಲ್ಲ ಎಂಬುದನ್ನು ನಾನು ಆಮೇಲೆ ಎಷ್ಟೋ ಸಲ ಅಳೆದು ನೋಡಿದ್ದೇನೆ.

ನೆಟ್‌ವರ್ಕಿಂಗ್ ಕಂಪನಿಯ ಕೆಲಸ ಬಿಟ್ಟ ಮೇಲೆ ಎರಡು ವರ್ಷದ ಕೋರ್ಸುಗಳಿರುವ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ವಾರಕ್ಕೆ ಮೂರು ದಿನ ಆನ್‌ಲೈನ್ ಸಲಹೆಗಾರನಾಗಿದ್ದೆ. ವಿದ್ಯಾರ್ಥಿಗಳು ವಿಡಿಯೊದಲ್ಲಿ ಬರುತ್ತಾರೆ, ಮುಂದೆ ಯಾವ ಕೆಲಸಕ್ಕೆ ಹೋಗಬೇಕೆಂದಿದ್ದಾರೆ ಎಂದು ಹೇಳುತ್ತಾರೆ. ಅದಕ್ಕೆ ಯಾವ ಟರ್ಮಿನಲ್ಲಿ ಯಾವ ಕ್ಲಾಸು ಎಂದು ನಾನು ಜೋಡಿಸಿ ಕೊಡುತ್ತೇನೆ. ಆ ಪಟ್ಟಿಯ ಮೊದಲ ಖಾನೆ ‘ಗುರಿ’. ಅದನ್ನು ತುಂಬುವ ಮೊದಲು ವಿದ್ಯಾರ್ಥಿಯ ಬಾಯಿಂದಲೇ ಉತ್ತರ ಕೇಳಬೇಕು. ನಮಗೆ ಮೊದಲ ದಿನ ಕಲಿಸಿದ ನಿಯಮ ಅದು.

ಆ ದಿನದ ವಿದ್ಯಾರ್ಥಿನಿ ಮಾರ್ಗನ್ ಹಿಲ್‌ನವಳು. ಮದುವೆಯಾಗಿ ವಿಜಯಪುರದಿಂದ ಬಂದವಳು, ಮೂವತ್ತರ ಆಸುಪಾಸು, ರಸಾಯನಶಾಸ್ತ್ರದಲ್ಲಿ ಬಿಎಸ್ಸಿ. ಆಕೆಯ ಗುರಿಯ ಖಾನೆಯಲ್ಲಿ ಒಂದು ವರ್ಷದಿಂದ ಇದ್ದದ್ದು ಕುಡಿಯುವ ನೀರಿನ ಶುದ್ಧೀಕರಣ ಘಟಕದ ಆಪರೇಟರ್ ಕೆಲಸ. ಅದಕ್ಕೆ ಬೇಕಾದ ಲ್ಯಾಬು ವರ್ಷಕ್ಕೊಂದೇ ಸಲ, ಸೀಟೂ ಕಡಿಮೆ. ಖಾನೆಯಲ್ಲಿ ಆ ಗುರಿ ಇದ್ದವರಿಗೆ ಮರುದಿನ ಬೆಳಿಗ್ಗೆಯೇ ನೋಂದಣಿ, ಉಳಿದವರಿಗೆ ನಾಲ್ಕು ದಿನ ಬಿಟ್ಟು. ಆ ಸಾಲು ಹಾಗೇ ಇದ್ದರೆ ಆಕೆಗೆ ಸೀಟು. ಬದಲಾದರೆ ಒಂದು ವರ್ಷ ಹೋದಂತೆ.

ವಿಡಿಯೊ ತೆರೆದಾಗ ಕ್ಯಾಮೆರಾದ ಮುಂದೆ ಕುಳಿತಿದ್ದವರು ಆಕೆಯ ಮಾವ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಚಿದ ತಲೆ. ಸೊಸೆ ಅವರ ಪಕ್ಕದಲ್ಲಿ, ಚೌಕಟ್ಟಿನ ಅಂಚಿನಲ್ಲಿ ಅರ್ಧ ಮುಖವಾಗಿ ಇದ್ದಳು. ತನ್ನ ಫೋನಿನಿಂದಲೂ ಅದೇ ಮೀಟಿಂಗಿಗೆ ಸೇರಿದ್ದಳು. ಆ ಚೌಕದಲ್ಲಿ ಚಿತ್ರವಿರಲಿಲ್ಲ, ಮೈಕು ಮುಚ್ಚಿತ್ತು. ಒಂದೇ ಕೋಣೆಯಲ್ಲಿ ಎರಡು ಮೈಕು ತೆರೆದರೆ ಕಿರುಚುತ್ತದೆಂದು ಹಲವರು ಹಾಗೆ ಮಾಡುತ್ತಾರೆ. ನಾನೂ ಹಾಗೆಂದುಕೊಂಡೆ.

“ನಮಸ್ಕಾರ್ರೀ ಸರ. ಕನ್ನಡದಾಗ ಮಾತಾಡಬಹುದಲ್ರೀ? ಯಾವ ಊರು ನಿಮ್ದು?”

“ಮೈಸೂರು ಸರ್.”

“ಹಾಂ, ಬೆಲ್ಲಾ ಹಾಕಿ ಸಾರು ಮಾಡೋ ಮಂದಿ,” ಎಂದು ನಕ್ಕರು. ನಾನೂ ನಕ್ಕೆ. ಮುಂದಿನ ಹತ್ತು ನಿಮಿಷ ನಾವಿಬ್ಬರೂ ಸಾರು, ಸೆಖೆ, ರೈಲುಗಳ ಬಗ್ಗೆ ಮಾತಾಡಿದೆವು. ಆ ಕೆಲಸದಲ್ಲಿ ಅಷ್ಟು ಸಲೀಸಾದ ಮಾತು ನನಗೆ ಅಪರೂಪವಾಗಿತ್ತು.

ಆಮೇಲೆ ಅವರು ವಿಷಯಕ್ಕೆ ಬಂದರು. “ನಮ್ಮ ಸೊಸಿ ಭಾಳ ಶಾಣೇಕಿ ಅದಾಳ್ರೀ. ಆದ್ರ ಅದೇನೋ ನೀರಿಂದು ಹಚ್ಕೊಂಡಾಳ. ನಮ್ಮ ಮನಿತನದಾಗ ಯಾರೂ ನಳಾ ತಿರುವಿಲ್ಲ. ಎಲ್ಲಾರೂ ಡೇಟಾದ್ದು ಮಾಡ್ತಾರಲ್ಲ, ಅದನ್ನ ಹಾಕ್ರಿ.”

ನಾನು ತಡೆಯಬೇಕಿತ್ತು. ತಡೆಯಲಿಲ್ಲ, ಯಾಕೆಂದರೆ ನನ್ನ ಮನಸ್ಸಿನಲ್ಲೂ ನಿಂತಿದ್ದವನು ಚಿಕ್ಕಂದಿನಲ್ಲಿ ನಮ್ಮ ಬೀದಿಯ ವಾಲ್ವು ತಿರುಗಿಸಲು ಬರುತ್ತಿದ್ದ ನೀರುಗಂಟಿ. ಬಿಎಸ್ಸಿ ಓದಿದ ಹುಡುಗಿಗೆ ಅದೇಕೆ ಎಂದು ನನಗೂ ಅನ್ನಿಸಿತ್ತು. ನನ್ನ ಪರದೆ ಅವರಿಗೆ ಕಾಣುವಂತೆ ಮಾಡಿ ಪಟ್ಟಿ ತೆರೆದೆ. ಪರದೆ ಹಂಚಿಕೊಂಡಾಗ ಚಾಟ್ ಬರುವ ಕಿಟಕಿ ನನ್ನ ಲ್ಯಾಪ್‌ಟಾಪಿನಲ್ಲಿ ಹಿಂದಕ್ಕೆ ಸರಿದು ಮರೆಯಾಗುತ್ತದೆ.

“ಅವರನ್ನೂ ಒಂದ್ಮಾತು ಕೇಳ್ಬೇಕು ಸರ್,” ಎಂದೆ.

“ಕೇಳ್ರಿ, ಇಲ್ಲೇ ಕುಂತಾಳ.”

ಉಳಿದ ವಿದ್ಯಾರ್ಥಿಗಳಿಗೆ ನಾನು ಇಂಗ್ಲಿಷಿನಲ್ಲಿ ಕೇಳುವ ಪ್ರಶ್ನೆ, ‘ನಿಮ್ಮ ಗುರಿ ಏನು, ನೀವೇ ಹೇಳಿ’ ಎಂದು. ಆಕೆಗೆ ನಾನು ಕೇಳಿದ್ದು, “ಏನಮ್ಮಾ, ಓಕೆ ತಾನೆ?” ಮದುವೆಮನೆಯಲ್ಲಿ ಹಿರಿಯರು ಕೇಳುವ ರೀತಿ. ಆಕೆ ನನ್ನ ಕಡೆ ನೋಡಲಿಲ್ಲ, ತೊಡೆಯ ಕಡೆ ನೋಡುತ್ತಿದ್ದಳು.

“ಹೂಂ ಅಂತಾಳ್ರೀ,” ಎಂದರು ಮಾವ. ನಾನು ಗುರಿ ಬದಲಿಸಿ ಬಟನ್ನು ಒತ್ತಿದೆ. ಎರಡು ಮೂವತ್ತಾರು.

ಅವರು ಹೋದ ಮೇಲೆ ಪರದೆ ಹಂಚುವುದನ್ನು ನಿಲ್ಲಿಸಿದೆ. ಚಾಟ್ ಕಿಟಕಿ ಮುಂದೆ ಬಂತು. ಆಕೆ ತನ್ನ ಫೋನಿನಿಂದ ನನಗೊಬ್ಬನಿಗೇ ಕಳಿಸಿದ್ದ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಮೂರು ಸಾಲು. ಎರಡು ಇಪ್ಪತ್ತನಾಲ್ಕಕ್ಕೆ: ‘ಸರ್ ಚೇಂಜ್ ಮಾಡಬ್ಯಾಡ್ರಿ’. ಎರಡು ಮೂವತ್ತೊಂದಕ್ಕೆ: ‘ನನಗ ನೀರಿಂದೇ ಬೇಕು, ಮಾವಾರ ಮುಂದ ಬಾಯಿಲೆ ಹೇಳಾಕ ಆಗವಲ್ದು’. ಎರಡು ಮೂವತ್ತೈದಕ್ಕೆ: ‘ಸರ್ ಚಾಟ್ ನೋಡ್ರಿ ಪ್ಲೀಸ್’.

ಮತ್ತೆ ಮೊದಲಿಂದ ಓದಿದೆ. ಹಿಂದೆ ಊಟದ ಮೇಜಿನ ಮೇಲೆ ಬಟ್ಟೆ ಮಡಿಸುತ್ತಿದ್ದ ಹೆಂಡತಿ, “ಮೀಟಿಂಗು ಮುಗೀತಲ್ಲ, ಯಾಕೆ ಹಾಗೇ ನಿಂತಿದೀರಾ?” ಎಂದಳು. ತೋರಿಸಿದೆ. ಓದಿ, ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟಳು. “ಆ ಹುಡುಗಿ ಏನೂ ಹೇಳ್ಲೇ ಇಲ್ವಲ್ಲ ಅಂತ ಇಲ್ಲಿಂದ ನನಗೇ ಗೊತ್ತಾಗ್ತಿತ್ತು. ನಿಮಗೆ ಸಾರಿನ ಮಾತೇ ಹೆಚ್ಚಾಯ್ತು.”

ಮೇಲಧಿಕಾರಿಗೆ ಫೋನು ಮಾಡಿದೆ. ವಿದ್ಯಾರ್ಥಿನಿ ಮತ್ತೆ ಬಂದು ತಾನೇ ಹೇಳಿದರೆ ಗುರಿ ತಿದ್ದಬಹುದು, ಆದರೆ ಮೊದಲ ನೋಂದಣಿಯ ಹಕ್ಕು ಉಳಿದಿದೆಯೇ ಎಂಬುದು ಬೆಳಿಗ್ಗೆಯೇ ತಿಳಿಯುವುದು ಎಂದರು. ಆಕೆಯ ನಂಬರಿಗೆ ಕರೆ ಮಾಡಿ, ಫಾರ್ಮಿನಲ್ಲಿ ನನ್ನಿಂದ ತಪ್ಪಾಗಿದೆ, ಐದು ನಿಮಿಷ ಮತ್ತೆ ಬನ್ನಿ ಎಂದೆ. ಚಾಟಿನ ಸುದ್ದಿ ಎತ್ತಲಿಲ್ಲ. ಮೂರೂಕಾಲಿಗೆ ಬಂದರು, ಮೊದಲಿನಂತೆಯೇ ಕುಳಿತರು.

“ಸರ್, ಕಾಲೇಜಿನ ನಿಯಮ. ಇದನ್ನ ಅವರೇ ಬಾಯಲ್ಲಿ ಹೇಳಬೇಕು. ನಾನು ಆಗ ಸರಿಯಾಗಿ ಕೇಳಲಿಲ್ಲ,” ಎಂದೆ. ಆಮೇಲೆ ಆಕೆಗೆ, “ನಿಮ್ಮ ಗುರಿ ಏನು? ನೀವು ಹೇಳೋವರೆಗೂ ಕಾಯ್ತೀನಿ.”

ಕಾದೆ. ಮಾವ ಬಾಯಿ ತೆರೆದರು. ನಾನು ಕೈ ಎತ್ತಿ ಬೇಡವೆಂದೆ. ಹಿರಿಯರ ಮುಂದೆ ನಾನು ಹಾಗೆ ಕೈ ಎತ್ತಿದ್ದು ಅದೊಂದೇ ಸಲ.

“ನೀರಿಂದು ಸರ್,” ಎಂದಳು. ದನಿ ಸಣ್ಣದಿತ್ತು, ಆದರೆ ಕೇಳಿಸಿತು.

“ನೀರು ಬಿಡೋ ಕೆಲಸೇನವಾ?” ಎಂದರು ಮಾವ. ಸಿಟ್ಟಿರಲಿಲ್ಲ, ದಿಗಿಲಿತ್ತು.

“ಬಿಡೋದಲ್ರೀ ಮಾವಾರ, ಪರೀಕ್ಷಾ ಮಾಡೋದು. ಕ್ಲೋರಿನ್ ಎಷ್ಟು, ಸೀಸ ಐತೇನು, ಅದೆಲ್ಲಾ. ನಾ ಓದಿದ್ದು ಅದನ್ನ. ಡೇಟಾ ನನಗ ಬರಾಂಗಿಲ್ಲ.”

“ಮತ್ತ ಒಂದ್ ವರ್ಷದಿಂದ ಯಾಕ ಹೇಳಿಲ್ಲ?”

“ನೀವು ಕೇಳಿಲ್ರೀ.”

ಅವರು ಅವಳ ಕಡೆ ತಿರುಗಿದರು. ಆಮೇಲೆ ಮೊಣಕಾಲಿಗೆ ಕೈ ಊರಿ ಎದ್ದು, “ಬಾ, ಇಲ್ಲಿ ಕುಂಡ್ರು. ಸರ್‌ಗೆ ನಿನ್ನ ಮಾರಿ ಕಾಣವಲ್ದು,” ಎಂದರು. ಆಕೆ ನಡುವಿನ ಕುರ್ಚಿಗೆ ಬಂದಳು. ನಾನು ಗುರಿಯನ್ನು ಮೊದಲಿದ್ದಂತೆ ತಿದ್ದಿದೆ, ಆಕೆಯಿಂದ ಗಟ್ಟಿಯಾಗಿ ಓದಿಸಿದೆ, ಒತ್ತಿದೆ. ಮೂರು ಇಪ್ಪತ್ತೊಂಬತ್ತು.

ಮರುದಿನ ಬೆಳಿಗ್ಗೆ ಆಕೆಯೇ ಕರೆ ಮಾಡಿದಳು. ಹಕ್ಕು ಉಳಿದಿರಲಿಲ್ಲ. ನಾಲ್ಕು ದಿನದ ನಂತರ ನೋಂದಣಿ ತೆರೆದಾಗ ಸೀಟು ತುಂಬಿತ್ತು. ಕಾಯುವವರ ಪಟ್ಟಿಯಲ್ಲಿ ಆಕೆ ಆರನೆಯವಳು. ಆ ವರ್ಷ ಆ ಪಟ್ಟಿಯ ಮೂವರಿಗಷ್ಟೇ ಜಾಗ ಸಿಕ್ಕಿತು. ಕ್ಷಮೆ ಕೇಳಿದೆ. “ಮನ್ಯಾಗ ಗೊತ್ತಾತಲ್ರೀ ಸರ್, ಮುಂದಿನ ವರ್ಷ ಮಾಡ್ತೀನಿ,” ಎಂದಳು. ಮಾಡಿದಳು ಕೂಡ. ಹಾಗೆಂದು ಆ ವರ್ಷ ಆಕೆಗೆ ವಾಪಸು ಬರಲಿಲ್ಲ. ಅದನ್ನು ಕಳೆದವನು ನಾನು. ಕಾಲೇಜಿಗೆ ಬರೆದುಕೊಟ್ಟ ವರದಿಯಲ್ಲೂ ಹಾಗೆಯೇ ಬರೆದೆ.

ಎರಡು ಸಲವೂ ನಾನು ಬಟನ್ನು ಒತ್ತಿದ್ದನ್ನು ಕಂಡವರು ಮೂವರು. ಮಾವನವರು ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಆ ವಿದ್ಯಾರ್ಥಿನಿ ಇದ್ದಾಳೆ. ಈಗ ಬೆರ್ರಿಯೆಸಾದಲ್ಲಿ ಮನೆ, ನಮ್ಮೂರ ಪಕ್ಕದ ಸಮುದ್ರಕೊಲ್ಲಿಯ ಆಚೆ ದಡದ ಒಂದು ನೀರಿನ ಘಟಕದಲ್ಲಿ ಕೆಲಸ. ನನ್ನ ಹೆಂಡತಿ ಇದ್ದಾಳೆ. ಇದನ್ನು ಓದಿ, ಹೊತ್ತುಗಳೆಲ್ಲ ಸರಿಯಿವೆ, ಆದರೆ ಹತ್ತು ನಿಮಿಷವಲ್ಲ, ಹನ್ನೆರಡು ನಿಮಿಷ ಹರಟಿದಿರಿ ಎಂದಳು.